ಕುಡಿಯದ ಮೂವರು ಮತ್ತು ವಾಡಿಯ ವೈನ್ ಪಟ್ಟಿ

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಬೇಸಿಗೆ. ಆಗ ನಾನು ನಿಜಾಮ್ ಸರ್ಕಾರದ ಆಬಕಾರಿ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಚಿತ್ತಾಪುರದಲ್ಲಿ ಮನೆ, ತಾಲೂಕೆಲ್ಲ ತಿರುಗಾಟ. ದಿನ ಬೆಳಗಾದರೆ ಸೇಂದಿ ಅಂಗಡಿ, ಕಳ್ಳಭಟ್ಟಿ ಎಂದು ಓಡಾಡುತ್ತಿದ್ದ ನಾನು ಲಿಂಗವಂತರ ಮನೆಯ ಮಗ. ಒಂದು ಹನಿಯನ್ನೂ ನಾಲಗೆಗೆ ತಾಗಿಸಿದವನಲ್ಲ. ಕಚೇರಿಯಲ್ಲಿ ಇದನ್ನೇ ಹೇಳಿ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ವಾಡಿ ಜಂಕ್ಷನ್ ಎದುರಿಗೆ ಹೈದರಾಬಾದಿನ ಸೇಠರೊಬ್ಬರ ಇಂಗ್ಲಿಷ್ ಊಟದ ಹೋಟೆಲ್ ಇತ್ತು. ಗಾಡಿ ಬದಲಿಸುವ ಸಾಹೇಬರು, ಶಹಾಬಾದಿನ ಕಲ್ಲುಗಣಿಯ ಅಧಿಕಾರಿಗಳು ಅಲ್ಲಿ ಕೋಟು ಕಳಚಿಟ್ಟು ಆರಾಮಾಗಿ ಉಣ್ಣುತ್ತಿದ್ದರು. ಹಾಗಂತ ಮೇಜಿನ ಮೇಲಿನ ಬಿಳಿ ಬಟ್ಟೆ, ಕೈಗೆ ಕೊಡುವ ಅಚ್ಚಿನ ವೈನ್ ಪಟ್ಟಿ ತಪ್ಪುತ್ತಿರಲಿಲ್ಲ. ಲೈಸೆನ್ಸ್ ನವೀಕರಿಸುವ ಮುಂಚೆ ಆ ಪಟ್ಟಿಯನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಬರೆದ ಮಾಲು ಕಪಾಟಿನಲ್ಲಿದೆಯೇ, ಸೀಲು ಸರಿಯಿದೆಯೇ, ಹೆಸರಿಗೆ ತಕ್ಕ ಗುಣ ಇದೆಯೇ ಎಂದು ನೋಡಬೇಕು. ಆ ವರ್ಷ ಜೊತೆಗೊಂದು ದೂರು ಬಂದಿತ್ತು. ಫ್ರಾನ್ಸಿನ ಕೆಂಪು ವೈನಿಗೆ ಸೇಂದಿ ಬೆರೆಸಿದ್ದಾರೆ ಎಂದು ಒಬ್ಬ ರೈಲ್ವೆ ಇಂಜಿನಿಯರ್ ಬರೆದಿದ್ದ. ಅರ್ಧ ಕುಡಿದ ಬಾಟಲಿಯನ್ನು ಹಾಗೇ ಬಿಟ್ಟು ಹೋಗಿದ್ದ.

ನಾನು ಹೋಗುವಷ್ಟರಲ್ಲಿ ಸೇಠರು ಕಳ್ಳನನ್ನು ಹಿಡಿದೂ ಆಗಿತ್ತು! ಬಟ್ಲರ್ ಮಹಬೂಬ್ ಮಿಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಐದು ಹೊತ್ತು ನಮಾಜು ತಪ್ಪಿಸದ ವಯಸ್ಸಾದ ಮನುಷ್ಯ. ಮರುದಿನ ಮೊಹತಮೀಮ್ ಸಾಹೇಬರು, ಎಂದರೆ ನಮ್ಮ ಮೇಲಧಿಕಾರಿಗಳು, ಚಿತ್ತಾಪುರದಲ್ಲಿ ವಿಚಾರಣೆ ಇಟ್ಟಿದ್ದರು. ಬೆರಕೆ ಸಾಬೀತಾದರೆ ಅವನಿಗೆ ಜೈಲೇ ಗತಿ.

"ಖುದಾ ಕಸಂ ಸಾಹೇಬ್ರ, ನಾ ಏನೂ ಕೂಡ್ಸಿಲ್ರಿ," ಎಂದ ಮಿಯಾ. "ಬಾಟ್ಲಿ ಮುಟ್ಟಿದ್ರ ಕೈ ತೊಳಕೊಂತೀನಿ. ಅದರ ರುಚಿ ಹ್ಯಾಂಗಿರ್ತದಂತ ಸುದ್ದಾ ನಂಗ ಗೊತ್ತಿಲ್ಲ."

ಪಟ್ಟಿ ಹಿಡಿದು ಒಂದೊಂದಾಗಿ ನೋಡುತ್ತ ಬಂದೆ. ವಿಸ್ಕಿ, ಬ್ರಾಂಡಿ ಎಲ್ಲ ಸರಿಯಿದ್ದವು. ಕೆಂಪು ವೈನ್ ಮಾತ್ರ ಮೇಲಿನ ಹಲಗೆಯಲ್ಲಿ, ಕಾದ ಪರಸಿ ಕಲ್ಲಿನ ಚಾವಣಿಗೆ ತಲೆ ತಾಗುವ ಹಾಗೆ, ಸಾಲಾಗಿ ನಿಂತಿತ್ತು. ವೈನ್ ಬಾಟಲಿಯನ್ನು ತಂಪಿನಲ್ಲಿ ಮಲಗಿಸಿಡಬೇಕು, ಆಗ ಬಿರಡೆ ಒದ್ದೆಯಾಗಿರುತ್ತದೆ. ಒಣಗಿದರೆ ಗಾಳಿ ಹೊಕ್ಕು ಹುಳಿಯಾಗುತ್ತದೆ ಎಂದು ಇಲಾಖೆಯ ಪುಸ್ತಕದಲ್ಲಿ ಓದಿದ್ದೆ.

"ಮಲಗಿಸಿದ್ರ ಸೋರ್ತಾವಲ್ರಿ," ಎಂದರು ಸೇಠರು. "ಚೀಟಿ ಕಾಣ್ಲಿ ಅಂತ ನಾನೇ ನಿಲ್ಲಸ್ಲಿಕ್ಕೆ ಹೇಳೀನಿ."

ನನಗೆ ದಾರಿ ಕಂಡಿತು. ಇಂಜಿನಿಯರ್ ಬಿಟ್ಟುಹೋದ ಬಾಟಲಿಗೂ ಅದೇ ಪೆಟ್ಟಿಗೆಯ ಸೀಲು ಒಡೆಯದ ಬಾಟಲಿಗೂ ಒಂದೇ ರುಚಿ ಇದ್ದರೆ ಮಿಯಾ ಏನೂ ಬೆರೆಸಿಲ್ಲ. ಹೊಸದೊಂದನ್ನು ತೆರೆಸಿ ಎರಡನ್ನೂ ಮೂಸಿದೆ. ಎರಡೂ ಹುಳಿ ನಾತ.

"ಸೇಂದಿನೂ ಹುಳೀನೇ ನಾರ್ತದ. ಮೂಗಿನ ಸಾಕ್ಷಿ ಯಾರ್ ಕೇಳ್ತಾರ್ರಿ?" ಎಂದರು ಸೇಠರು. ಹಾಗಾದರೆ ನೀವೇ ರುಚಿ ನೋಡಿ ಎಂದೆ. "ರಾಮ ರಾಮ!" ಎಂದು ಎರಡೂ ಕಿವಿ ಮುಟ್ಟಿಕೊಂಡರು. ಮಿಯಾ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟು ದೊಡ್ಡ ವೈನ್ ಕಪಾಟಿನ ಮುಂದೆ ನಿಂತ ಮೂವರಲ್ಲಿ ಕುಡಿಯುವವನು ಒಬ್ಬನೂ ಇಲ್ಲ! ಸ್ಟೇಷನ್ನಿನಿಂದ ಯಾರನ್ನಾದರೂ ಕರೆಸಬಹುದಿತ್ತು, ಆದರೆ ಪರೀಕ್ಷೆಯನ್ನು ಅಧಿಕಾರಿ ಖುದ್ದು ಮಾಡಬೇಕೆಂಬುದು ಕಾಯಿದೆ.

ಚಮಚ ಕೇಳಿದೆ. ಮಿಯಾ ಕೈ ಅಡ್ಡ ತಂದ. "ನನ್ನ ಸಲುವಾಗಿ ನಿಮ್ಮ ಧರ್ಮ ಕೆಡಿಸ್ಕೋಬ್ಯಾಡ್ರಿ."

ಎದೆಯ ಮೇಲಿನ ಲಿಂಗ ಅಂಗಿಯೊಳಗೆ ಬೆಂಕಿಯ ಹಾಗೆ ಸುಡುತ್ತಿತ್ತು. ಕಣ್ಣು ಮುಚ್ಚಿ ಒಂದನ್ನು ನಾಲಗೆಗೆ ಹಾಕಿಕೊಂಡೆ, ಬಾಯಿ ಮುಕ್ಕಳಿಸಿ ಇನ್ನೊಂದನ್ನು ಹಾಕಿಕೊಂಡೆ. ಹಳಸಿದ ಹುಣಸೆ ನೀರಿನ ಹಾಗಿತ್ತು. ವೈನ್ ಎಂದರೆ ಹೀಗೇ ಇರುತ್ತದೋ, ಕೆಟ್ಟ ಮೇಲೆ ಹೀಗಾಗುತ್ತದೋ, ಈ ಶರಣನಿಗೆ ಏನು ಗೊತ್ತು? ಗೊತ್ತಾಗಬೇಕಾಗಿದ್ದೂ ಇಲ್ಲ. ಎರಡೂ ಒಂದೇ, ಅಷ್ಟು ಸಾಕಿತ್ತು. ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ.

ಮರುದಿನ ಕಚೇರಿ ತುಂಬ ಜನ, ಅವರಲ್ಲಿ ನಮ್ಮ ಓಣಿಯವರೂ ಇದ್ದರು. ಎರಡೂ ಬಾಟಲಿಯ ರುಚಿ ಒಂದೇ, ಬೆರಕೆ ಇಲ್ಲ ಎಂದು ವರದಿ ಒಪ್ಪಿಸಿದೆ. ಲಿಂಗವಂತರಿಗೆ ವೈನಿನ ರುಚಿ ಹೇಗೆ ತಿಳಿಯಿತು ಎಂದು ಸೇಠರ ವಕೀಲ ಕೇಳಿದ. ಮೊಹತಮೀಮರು ತಲೆ ಎತ್ತಿ, ಖುದ್ದು ನಾಲಗೆಗೆ ಹಾಕಿಕೊಂಡಿರಾ ಎಂದು ಉರ್ದುವಿನಲ್ಲಿ ವಿಚಾರಿಸಿದರು. ಕುಡಿಯುವುದಕ್ಕಿಂತ ಅದನ್ನು ಅಷ್ಟು ಜನರ ಮುಂದೆ ಒಪ್ಪಿಕೊಳ್ಳುವುದು ಕಷ್ಟವಾಯಿತು. ಹೌದು ಎಂದೆ. ಮಿಯಾನನ್ನು ಬಿಟ್ಟರು. ಕೆಂಪು ವೈನನ್ನು ಪಟ್ಟಿಯಿಂದ ತೆಗೆಯಲು ಹುಕುಂ ಆಯಿತು.

ಇನ್ನೊಬ್ಬನ ಅನ್ನ ನಮ್ಮ ಸಹಿಯಲ್ಲಿ ಇರುವಾಗ ನಮ್ಮ ಮಡಿಯನ್ನಷ್ಟೇ ಕಾಯುತ್ತ ಕೂರಬಾರದು ಎಂಬುದು ಆ ನೌಕರಿ ಕಲಿಸಿದ ಪಾಠ. ಆದರೆ ಅಂದು ಅದು ನನಗೆ ಪಾಠವಾಗಿ ಕಾಣಲಿಲ್ಲ. ನಾಚಿಕೆ, ಭಯ ಎರಡೂ ಇದ್ದವು. ನನಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಹೊಸ್ತಿಲ ಆಚೆಯೇ ನಿಂತೆ. ಅವ್ವ ಪೂಜೆಗೆ ಕುಳಿತಿದ್ದಳು.

"ಕುಡದೇನು?" ಎಂದಳು.

"ನಾಲಗಿಗಿ ಹಚ್ಕೊಂಡೆ ಅವ್ವಾ."

ಕೈಯಲ್ಲಿದ್ದ ಪತ್ರಿಯನ್ನು ಲಿಂಗಕ್ಕೆ ಏರಿಸಿದಳು.

"ಆ ಮಿಯಾ ಮನಿಗಿ ಹೋದನೇನು?"

"ಹೋದ."

"ಮತ್ತ ನೀ ಯಾಕ ಹೊರಗ ನಿಂತಿ?"