ಬಿಸಿನೀರಿಗೆ ಬಿದ್ದ ಸಿಂಹ

ನಮ್ಮ ದೊಡ್ಡಮ್ಮ ಮಕ್ಕಳ ನಾಟಕಗಳಿಗೆ ಬಟ್ಟೆ ಹೊಲಿಯುತ್ತಾಳೆ. ಸೈಕಲ್ ಅಂಗಡಿಯ ಮೇಲಿನ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯ ಗೂಟಗಳಲ್ಲಿ ರಾಜನ ನಿಲುವಂಗಿ, ಮೊಲದ ಕಿವಿ, ಕತ್ತೆಯ ಬಾಲ. ಅವಳ ಸೂಜಿಗಿಂತ ನಾಲಿಗೆ ಚೂಪು. ಆದರೂ ಶಾಲೆ ಬಿಟ್ಟರೆ ಓಣಿಯ ಮಕ್ಕಳದೆಲ್ಲ ಅಲ್ಲೇ ಠಿಕಾಣಿ.

ಈ ಸಲದ ನಾಟಕಕ್ಕೆ ಅವಳು ಸಿಂಹದ ಮುಖವಾಡ ಮಾಡಿದಳು. ಒಳಗೆ ಹತ್ತಿ, ಹೊರಗೆ ಮಖಮಲ್ಲು, ಸುತ್ತ ಉಣ್ಣೆಯ ಕೇಸರ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ಇದು ನಿಜಕ್ಕೂ ಚೆನ್ನಾಗಿತ್ತು. ಸಿಂಹ ಯಾರಾಗಬೇಕೆಂದು ಜಗಳವೆದ್ದಾಗ ದೊಡ್ಡಮ್ಮ ನ್ಯಾಯ ಹೇಳಿದಳು:

"ಎಲ್ಲರೂ ಸರದಿ ಪ್ರಕಾರ ಹಾಕ್ಕೊಂಡು ಗರ್ಜಿಸ್ರೋ. ಯಾರ ಗರ್ಜನೆಗೆ ನಾನು ಬೆಚ್ಚಿಬೀಳ್ತೀನೋ ಅವರೇ ಸಿಂಹ."

ದಿನವೂ ಗರ್ಜನೆ. ಕೆಳಗೆ ಸೈಕಲ್ ಅಂಗಡಿಯವನು ಪಂಕ್ಚರ್ ಹಾಕುತ್ತಲೇ ಬೈಯುತ್ತಿದ್ದ. ಕೊನೆಗೆ ಗೆದ್ದವಳು ದೊಡ್ಡಮ್ಮನ ಮೊಮ್ಮಗಳೇ. ಗುಂಪಿನಲ್ಲೆಲ್ಲ ಕುಳ್ಳಿ, ನಮ್ಮ ಬಾಯಲ್ಲಿ ಚೋಟು. ಪಕ್ಷಪಾತ ಅಂತ ಯಾರೂ ಅನ್ನಲಿಲ್ಲ. ಅಜ್ಜಿಯ ಕೈಯಿಂದ ಕತ್ತರಿ ಜಾರಿ ಬಿದ್ದದ್ದನ್ನು ಎಲ್ಲರೂ ಕಂಡಿದ್ದರು.

ನಾಟಕ ಹತ್ತಿರ ಬರುತ್ತಿದ್ದಂತೆ ಚೋಟುವಿನ ಮೂಗಿನ ಕೆಳಗೆ ಕೆಂಪು ಗುಳ್ಳೆಗಳೆದ್ದವು. ಒಡೆದು, ಜೇನು ಒಣಗಿದ ಹಾಗೆ ಹಳದಿ ಹಕ್ಕಳೆ ಕಟ್ಟಿತು. "ಉಷ್ಣ ಕಣೇ, ಬೇರೇನಿಲ್ಲ," ಎಂದು ದೊಡ್ಡಮ್ಮ ನೀರು ಕುಡಿಸಿದ್ದೇ ಕುಡಿಸಿದ್ದು. ಆಮೇಲೆ ಮೊಲದ ಪಾತ್ರದ ಹುಡುಗನಿಗೂ ಗುಳ್ಳೆ, ಕತ್ತೆಯಾಗುವವನಿಗೂ ಗುಳ್ಳೆ. ಮೂವರನ್ನೂ ಮಕ್ಕಳ ಡಾಕ್ಟರ ಮುಂದೆ ಸಾಲಾಗಿ ನಿಲ್ಲಿಸಿದೆವು.

"ಉಷ್ಣ ಅಲ್ಲಮ್ಮ," ಎಂದರು ಡಾಕ್ಟರು. "ಬ್ಯಾಕ್ಟೀರಿಯಾದ ಸೋಂಕು. ಕೆರೆದ ಚರ್ಮದಲ್ಲಿ ಹೊಕ್ಕುಬಿಡುತ್ತೆ, ಮುಟ್ಟಿದ್ರೆ ಹರಡುತ್ತೆ. ಹೆದರಬೇಡಿ, ವಾಸಿಯಾಗುತ್ತೆ. ಇವರೆಲ್ಲ ಸೇರಿ ಏನು ಹಂಚಿಕೊಂಡಿದ್ರು?"

"ಸಿಂಹ!" ಎಂದಳು ಚೋಟು.

ಎಲ್ಲರೂ ಸರದಿಯಲ್ಲಿ ಹಾಕಿಕೊಂಡ ಮುಖವಾಡದ ಕಥೆ ಡಾಕ್ಟರಿಗೆ ಹೇಳುವಾಗ ದೊಡ್ಡಮ್ಮನ ಮುಖ ಹುಳ್ಳಗಾಯಿತು. ಚೋಟುವಿಗೆ ಅದ್ಯಾವುದೂ ಬೇಕಿರಲಿಲ್ಲ. "ನಾನು ನಾಟಕದಲ್ಲಿ ಇರಬಹುದಾ?" ಎಂದು ಕಣ್ಣು ತುಂಬಿಕೊಂಡು ಕೇಳಿದಳು.

"ಹುಣ್ಣು ಒಣಗಿದ್ರೆ ಖಂಡಿತ. ಉಗುರುಬೆಚ್ಚಗಿನ ಸೋಪುನೀರಲ್ಲಿ ಹಕ್ಕಳೆ ನೆನೆಸಿ ಮೆತ್ತಗೆ ತೆಗೀರಿ, ಮುಲಾಮು ಹಚ್ಚಿ, ಕೈ ತೊಳ್ಕೊಳ್ಳಿ. ಉಗುರು ಕತ್ತರಿಸಿ, ಟವೆಲ್ ಬೇರೆ ಇಡಿ. ಎರಡು ದಿನ ಮೂರೂ ಜನ ಮನೇಲೇ ಇರಲಿ. ವಾಸಿಯಾದ ಹಾಗೆ ಕಂಡ್ರೂ ಔಷಧಿ ಪೂರ್ತಿ ಮುಗಿಸಿ. ಆ ಮುಖವಾಡ ಮಾತ್ರ ಇನ್ನು ಯಾರೂ ಹಾಕೋ ಹಾಗಿಲ್ಲ."

ದೊಡ್ಡಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಚೋಟುವಿನ ಬೆರಳು ಮೂಗಿನ ಕಡೆ ಹೊರಟರೆ ಸಾಕು, "ಏಯ್!" ಮುಖವಾಡವನ್ನಾದರೂ ಉಳಿಸಿಕೊಳ್ಳುವ ಆಸೆಯಿಂದ ಅದನ್ನು ಕುದಿಯುವ ನೀರಿಗೆ ಹಾಕಿದಳು. ಹತ್ತಿ ಉಬ್ಬಿತು, ಬಣ್ಣ ಬಿಟ್ಟಿತು, ಸಿಂಹ ಹೋಗಿ ಒದ್ದೆ ಬೆಕ್ಕಾಗಿ ಎದ್ದಿತು. ನಾವು ಬಿದ್ದು ಬಿದ್ದು ನಕ್ಕೆವು. ದೊಡ್ಡಮ್ಮ ಮೊದಲು ಬೈದಳು, ಆಮೇಲೆ ನಮಗಿಂತ ಜೋರಾಗಿ ನಕ್ಕಳು. ಮಿಕ್ಕಿದ್ದ ಹೊಸ ಉಣ್ಣೆಯಲ್ಲಿ ಕತ್ತಿಗೆ ಕಟ್ಟುವ ಕೇಸರವೊಂದನ್ನು ಹೊಲಿದಳು, ಚೋಟುವಿಗೆ ಮಾತ್ರ.

ನಾಟಕದ ಹೊತ್ತಿಗೆ ಮೊಲ, ಕತ್ತೆ, ಸಿಂಹ ಮೂವರೂ ಗುಣವಾಗಿದ್ದರು. ಡಾಕ್ಟರು ನೋಡಿ ಹೂಂ ಅಂದಿದ್ದರು. ಚೋಟು ರಂಗದ ನಡುವೆ ನಿಂತು, ಹುಬ್ಬು ಗಂಟಿಕ್ಕಿ, ಬಿದ್ದ ಹಲ್ಲಿನ ಸಂದು ಕಾಣುವಂತೆ ಬಾಯಿ ತೆರೆದು ಗರ್ಜಿಸಿದಳು. ಮುಂದಿನ ಸಾಲಿನ ಮಗುವೊಂದು ಅಮ್ಮನ ಮಡಿಲಿಗೆ ಹಾರಿತು. ಎಲ್ಲೆಲ್ಲೂ ಚಪ್ಪಾಳೆ.

ದೊಡ್ಡಮ್ಮ ಮಾತ್ರ ಚಪ್ಪಾಳೆ ಮರೆತು ಕೂತಿದ್ದಳು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಇಂಥಾ ಮುಖಾನ ಮಖಮಲ್ ಹಾಕಿ ಮುಚ್ಚೋಕೆ ಹೊರಟಿದ್ದೆನಲ್ಲೋ ನಾನು!"