ಕೊತ್ತಂಬರಿಯೊಳಗಿಂದ ಎದ್ದು ಬಂದವಳು

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬೆಳಗಾವಿಗೆ ಹೊರಟಿದ್ದ ನಮ್ಮ ಟೆಂಪೋ ದೇಸೂರಿನ ಹತ್ತಿರ ಪಲ್ಟಿಯಾಗಿ ಗದ್ದೆಗೆ ಬಿತ್ತು. ನನ್ನ ಮೇಲೆ ನಾಲ್ಕು ಮೂಟೆ ಕೊತ್ತಂಬರಿ ಸೊಪ್ಪು ಬಿತ್ತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ನನಗಂತೂ ಒಂದು ಗೀರೂ ಇಲ್ಲ, ತಲೆತುಂಬ ವಾರದ ಸಾರಿಗಾಗುವಷ್ಟು ಸೊಪ್ಪು.

ನಮ್ಮ ಖಾನಾಪುರದಲ್ಲಿ ಅಪಘಾತವಾದವರನ್ನು ಮಾತಾಡಿಸಲು ಬರುವವರು ಬಿಸ್ಕಿಟ್ ಪುಡಾ ತರುತ್ತಾರೆ, ಬದಲಿಗೆ ಕಥೆ ಕೇಳುತ್ತಾರೆ. “ಹೆಂಗಾತವಾ? ಮೊದಲಿಂದ ಹೇಳು.” ನಾನೇನು ಕಡಿಮೆಯವಳೇ? ಮೊದಲ ದಿನ ಒಂದೇ ಪಲ್ಟಿ ಹೊಡೆದಿದ್ದ ಟೆಂಪೋ ವಾರದೊಳಗೆ ಮೂರು ಹೊಡೆಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನು ಎಲ್ಲರಿಗಿಂತ ಜೋರಾಗಿ. ಬಿಸ್ಕಿಟಿಗೆ ಡಬ್ಬಿ ಸಾಲದೆ ಹಿಟ್ಟಿನ ಡಬ್ಬಿ ಖಾಲಿ ಮಾಡಿದೆವು.

ಬಂದವರು ಹೋದ ಮೇಲೆ ಬೇರೆಯದೇ ಆಟ. ಕುಕ್ಕರ್ ಸೀಟಿ ಹೊಡೆದರೆ ಸಾಕು, ಹೊಲಿಗೆ ಮಷಿನ್ ಬಿಟ್ಟು ಅಂಗಳದಲ್ಲಿರುತ್ತಿದ್ದೆ. ಕಣ್ಣು ಮುಚ್ಚಿದರೆ ಗದ್ದೆ. ಕೊತ್ತಂಬರಿ ವಾಸನೆಗೆ ಉಸಿರು ಕಟ್ಟುತ್ತಿತ್ತು. ಟೆಂಪೋ ನಿಲ್ಲುವ ಬೀದಿಯನ್ನೇ ಬಿಟ್ಟೆ.

“ಏನೂ ಆಗಿಲ್ಲಲ್ಲ, ಸುಮ್ಮ ಯಾಕ ಅಂಜತಿ?” ಎನ್ನುತ್ತಿದ್ದಳು ಅವ್ವ. ಕೈ ಮುರಿದಿದ್ದರೆ ತೋರಿಸಬಹುದಿತ್ತು. ಏನೂ ಆಗದ್ದನ್ನು ಯಾರಿಗೆ ತೋರಿಸುವುದು? ನನಗೆ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ಕಣಕುಂಬಿಯಲ್ಲಿದ್ದ ಬಸುರಿ ಅಕ್ಕನ ಕುಬಸದ ದಿನ ಗೊತ್ತಾಯಿತು. ತವರಿನವರು ಹಸಿರು ಸೀರೆ, ಕುಬಸ ಅಂದರೆ ರವಿಕೆ ತಂದು ಉಡಿ ತುಂಬುವ ಕಾರ್ಯ. ಆ ಕುಬಸ ಹೊಲಿದವಳೇ ನಾನು. ಅಲ್ಲಿಗೆ ರೈಲಿಲ್ಲ, ರಸ್ತೆಯೇ ಗತಿ. “ನೀ ಬರಲಿಲ್ಲಂದ್ರ ನಾ ಉಡಿ ತುಂಬಿಸ್ಕೊಳ್ಳಾಂಗಿಲ್ಲ ನೋಡು” ಎಂದು ಅಕ್ಕ ಫೋನಿನಲ್ಲಿ ಅತ್ತಳು.

ಅವ್ವ ನನ್ನನ್ನು ರೈಲು ಹತ್ತಿಸಿ ಬೆಳಗಾವಿಗೆ, ನೆಹರು ನಗರದ ಒಬ್ಬ ಮನೋವೈದ್ಯರ ಬಳಿಗೆ ಕರೆದೊಯ್ದಳು. ಅವರು ನನ್ನ ಕಥೆ ಕೇಳಿ ನಗಲಿಲ್ಲ. ಎರಡು ತಿಂಗಳಲ್ಲಿ ನಗದೆ ಕೇಳಿದವರು ಅವರೊಬ್ಬರೇ.

“ಇದು ಹುಚ್ಚಲ್ಲರಿ. ಆ ಟೆಂಪೋ ನಿಮ್ಮ ಮನಸಿನ್ಯಾಗ ಇನ್ನೂ ಪಲ್ಟಿ ಹೊಡ್ಯಾಕತ್ತೈತಿ. ಹಿಂದ ಇಂಥಾದ್ದ ಒಂದು ಆಗಿದ್ರ, ಆಮ್ಯಾಲ ಮನಿಯವರು ಸುಮ್ನಿರು ಅಂತಿದ್ರ, ಇದು ಜಾಸ್ತಿ ಹಿಡೀಬಹುದು. ಹಿಂದ ಏನರ ಆಗಿತ್ತೇನ್ರಿ?”

“ಇಲ್ಲರಿ” ಎಂದೆ ನಾನು.

“ಆಗಿತ್ರಿ” ಎಂದಳು ಅವ್ವ, ನೆಲ ನೋಡುತ್ತ. “ಈಕಿ ಮೂರು ವರ್ಷದಾಕಿ. ಮಳ್ಯಾಗ ಗ್ವಾಡಿ ಬಿತ್ತು. ಅದರ ಬುಡಕ ಈಕಿ, ನಾ ಇಬ್ಬರೂ ಇದ್ವಿ.”

ನನಗೆ ಇದು ಗೊತ್ತೇ ಇರಲಿಲ್ಲ. ಅವ್ವ ಬಚ್ಚಲ ಬಾಗಿಲ ಚಿಲಕವನ್ನು ಎಂದೂ ಹಾಕುವವಳಲ್ಲ. ಅಕ್ಕ, ನಾನು ಹೊರಗೆ ಕಾವಲು ನಿಂತು ಗೇಲಿ ಮಾಡುತ್ತಿದ್ದೆವು. ಎಷ್ಟು ಗೇಲಿ ಮಾಡಿದ್ದೆವು!

ಡಾಕ್ಟರು ಹೇಳಿದಂತೆ ಮೊದಲು ನಿಂತ ಟೆಂಪೋದಲ್ಲಿ ಸುಮ್ಮನೆ ಕೂರುವುದು. ಹತ್ತು ದಿನ ಕೂತೆ. ಅವ್ವ ಅಲ್ಲಿಗೇ ಚಹಾ ತರುತ್ತಿದ್ದಳು, ಡ್ರೈವರನಿಗೂ ಒಂದು ಕಪ್ಪು, ಜೊತೆಗೆ ಮುಗಿಯದ ಆ ಬಿಸ್ಕಿಟು. ಆಮೇಲೆ ಪೇಟೆಯ ಕೊನೆಯವರೆಗೆ ಹೋಗಿ ಬಂದೆವು, ನಾನು ಉದ್ದಕ್ಕೂ ಕಿರುಚುತ್ತ, ಅವನು ನಗುತ್ತ.

ಕುಬಸದ ದಿನ ಹಸಿರು ಸೀರೆಯ ಗಂಟು ಹಿಡಿದು ಟೆಂಪೋ ಹತ್ತಿರ ಹೋದೆವು. ನನಗೆ ಅಂಜಿಕೆಯ ಜೊತೆಗೆ ನಗುವೂ ಉಕ್ಕುತ್ತಿತ್ತು.

“ಯಾರಿಗ್ರಿ ಅಂಜಿಕಿ? ಅವರು ಮುಂದ ಕುಂದರ್ರಿ” ಎಂದು ಡ್ರೈವರ ನನ್ನನ್ನೇ ನೋಡಿ ಕಣ್ಣು ಮಿಟುಕಿಸಿದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಸಾಲಿ ಹುಡುಗಿಯ ಹಾಗೆ ಕೈ ಎತ್ತಿದಳು.

“ನನಗರಿ. ಇಪ್ಪತ್ತು ವರ್ಷ ಆತು.”