ಖಾಲಿ ಗಾಡಿಯ ತೂಕ

ನಾನು ಕಪ್ಪುಕುಳಿಗಳ ಮೇಲೆ ಕೆಲಸ ಮಾಡುತ್ತೇನೆ ಎಂದರೆ ಬೈಲಹೊಂಗಲದಲ್ಲಿ ಯಾರೂ ಗಾಬರಿಯಾಗುವುದಿಲ್ಲ. "ಹೌದ್ರಿ? ಛಲೋ ಆತ್ರಿ" ಎಂದು ಮುಂದಿನ ಮಾತಿಗೆ ಹೋಗುತ್ತಾರೆ. ಎಕ್ಸ್-ರೇ ಎಂದು ಸೇರಿಸಿದರೆ ಮಾತ್ರ ಸ್ವಲ್ಪ ಕುತೂಹಲ ಹುಟ್ಟುತ್ತದೆ. ಪಕ್ಕದ ಮನೆಯ ಕಾಕು ಒಮ್ಮೆ ತಮ್ಮ ಮೊಣಕಾಲಿನ ಫಿಲಂ ತಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಡಾಕ್ಟರಿಗೇ ತೋರಿಸಿ ಎಂದೆ. ಇಷ್ಟು ವರ್ಷ ಓದಿದ್ದು ಇದಕ್ಕೇನಾ ಎನ್ನುವ ಹಾಗೆ ಅವರು ಫಿಲಂ ವಾಪಸು ತೆಗೆದುಕೊಂಡರು.

ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಬುದ್ಧಿ ಬಂದಿರಬೇಕಾದ ಹೊತ್ತಿನಲ್ಲಿ, ಪಿಎಚ್‌ಡಿಗೆ ಹೆಸರು ಹಚ್ಚಿದೆ. ದೊಡ್ಡ ಗೆಲಾಕ್ಸಿಗಳ ನಡುವೆ ಒಂದೊಂದು ಭಾರಿ ಕಪ್ಪುಕುಳಿ ಇರುತ್ತದೆ, ಕೋಟಿಗಟ್ಟಲೆ ಸೂರ್ಯರಷ್ಟು ತೂಕದ್ದು. ಬಹಳಷ್ಟು ಕುಳಿಗಳು ಸುಮ್ಮನೆ ಬಿದ್ದಿರುತ್ತವೆ. ಕೆಲವಕ್ಕೆ ಮಾತ್ರ ಸುತ್ತಲಿನ ಅನಿಲ ಬಂದು ಬೀಳುತ್ತಿರುತ್ತದೆ. ಬೀಳುವ ಮುನ್ನ ಅದು ಸುತ್ತಿ ಸುತ್ತಿ ವಿಪರೀತ ಕಾಯುತ್ತದೆ, ಎಕ್ಸ್-ರೇ ಸೂಸುತ್ತದೆ. ಅಂಥವಕ್ಕೆ ಸಕ್ರಿಯ ಗೆಲಾಕ್ಸಿ ಎಂದು ಹೆಸರು. ಈ ಕಿರಣಗಳು ನಮ್ಮ ಗಾಳಿಯನ್ನು ದಾಟಿ ನೆಲಕ್ಕೆ ಬರುವುದಿಲ್ಲವಾದ್ದರಿಂದ ದೂರದರ್ಶಕವನ್ನು ಉಪಗ್ರಹದಲ್ಲಿಟ್ಟು ಮೇಲೆ ಕಳಿಸುತ್ತಾರೆ. ಅದು ನೋಡಿದ್ದೆಲ್ಲ ಕೆಲವು ದಿನಗಳ ಮೇಲೆ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿರುತ್ತದೆ. ಹಾಗಾಗಿ ನನ್ನ ವೀಕ್ಷಣಾಲಯ ಎಂದರೆ ನಡುಮನೆಯ ಟೇಬಲ್ಲು, ಒಂದು ಲ್ಯಾಪ್‌ಟಾಪು, ಫೋನಿನ ನೆಟ್ಟು. ರಾತ್ರಿ ಮಾಳಿಗೆ ಹತ್ತುವ ಪ್ರಶ್ನೆಯೇ ಇಲ್ಲ. ಓಣಿಯವರಿಗೆ ಇದು ಬಹಳ ನಿರಾಸೆ ತಂದಿತ್ತು. ಸಪ್ತರ್ಷಿ ಮಂಡಲವನ್ನು ನಾನು ಇವತ್ತಿಗೂ ಅಂದಾಜಿನ ಮೇಲೆ ತೋರಿಸುತ್ತೇನೆ.

ಗಂಡ ರಾಮದುರ್ಗದ ಕಡೆ ಹೈಸ್ಕೂಲು ಮಾಸ್ತರು, ಶನಿವಾರ ಬಂದು ಸೋಮವಾರ ಹೋಗುವವರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ಮಾವನವರು. ಮಾವನವರು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಇಡೀ ನೌಕರಿ ಮುಗಿಸಿದವರು. ತುಂಬಿದ ಟ್ರ್ಯಾಕ್ಟರು ಬಂದಾಗ ಒಮ್ಮೆ ತೂಗಬೇಕು, ಕಬ್ಬು ಇಳಿಸಿ ಹೊರಟಾಗ ಖಾಲಿ ಗಾಡಿಯನ್ನು ಇನ್ನೊಮ್ಮೆ ತೂಗಬೇಕು, ಕಳೆದರೆ ಉಳಿಯುವುದು ರೈತನ ಕಬ್ಬು. ಸಾಲು ಉದ್ದವಾದಾಗ ಕೆಲವು ಕಡೆ ಖಾಲಿ ಗಾಡಿಯನ್ನು ಮತ್ತೆ ತೂಗುವುದಿಲ್ಲ. ಅದೇ ಗಾಡಿ, ಅದೇ ತೂಕ ಎಂದು ರಜಿಸ್ಟರ್ ನೋಡಿ ಬರೆದುಬಿಡುತ್ತಾರೆ. ಮಾವನವರು ಹಾಗೆ ಮಾಡುವವರಲ್ಲ ಎಂದು ಸವದತ್ತಿ ಕಡೆಯವರು, ಕಿತ್ತೂರ ಕಡೆಯವರು ಎಲ್ಲರೂ ಹೇಳುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಬಂದು ಅವರಿಗೆ ನಮಸ್ಕಾರ ಮಾಡಿ ಇದನ್ನೇ ಹೇಳಿದ್ದನ್ನು ನಾನು ಕೇಳಿದ್ದೇನೆ. ಮಾವನವರು ಆಗೆಲ್ಲ ಬಸ್ಸು ಬಂತೇನೋ ಎಂದು ಆಚೆ ನೋಡುತ್ತಿದ್ದರು.

ಪಿಎಚ್‌ಡಿ ಮಾಡಿದವರಿಗೆ ಗೊತ್ತಿರುತ್ತದೆ, ಅದು ಮುಗಿಯುವುದಿಲ್ಲ, ಅವಧಿ ಮುಗಿಯುತ್ತದೆ. ನನ್ನ ಅವಧಿ ಒಮ್ಮೆ ಹೆಚ್ಚಿಸಿ ಕೊಟ್ಟಾಗಿತ್ತು, ಇನ್ನೊಮ್ಮೆ ಕೊಡುವುದಿಲ್ಲ ಎಂದು ಪತ್ರವೂ ಬಂದಿತ್ತು. ಪತ್ರದಲ್ಲಿ ಹೇಳಿದ ಸೋಮವಾರದ ಒಳಗೆ ಥೀಸಿಸ್ ಕೊಡಬೇಕು, ಇಲ್ಲವಾದರೆ ಎಂಟು ವರ್ಷ ನೀರಲ್ಲಿ ಹೋಮ. ಆದರೆ ನಾನು ನಿಶ್ಚಿಂತೆಯಿಂದ ಇದ್ದೆ. ನನ್ನ ಹತ್ತಿರ ಒಂದು ಮೋಡವಿತ್ತು.

ಹೆಸರಿಲ್ಲದ, ಉದ್ದನೆಯ ನಂಬರ್ ಮಾತ್ರ ಇರುವ ಒಂದು ಗೆಲಾಕ್ಸಿಯನ್ನು ಉಪಗ್ರಹ ಎರಡು ಸಲ ನೋಡಿತ್ತು, ನಡುವೆ ಆರು ತಿಂಗಳ ಅಂತರ. ಮೊದಲ ಸಲ ಅದು ಬೆಳ್ಳಗೆ ಉರಿಯುತ್ತಿತ್ತು. ಎರಡನೆಯ ಸಲ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಮಂಕಾಗಿತ್ತು. ಕಪ್ಪುಕುಳಿಯ ಮುಂದೆ ಅನಿಲದ ದಟ್ಟ ಮೋಡವೊಂದು ಹಾದುಹೋಗಿ ಕಿರಣಗಳನ್ನು ತಡೆದಿರಬೇಕು ಎಂದು ನಾನು ಬರೆದೆ. ಅಂಥ ಮೋಡಗಳು ಇಲ್ಲದ್ದೇನಲ್ಲ, ಬೇರೆಯವರು ಬೇರೆ ಕಡೆ ಕಂಡಿದ್ದಾರೆ. ಇದನ್ನು ಕಂಡವಳು ನಾನು. ಮೋಡದ ದೂರ, ಅಗಲ, ವೇಗ ಎಲ್ಲ ಲೆಕ್ಕ ಹಾಕಿ ನಲವತ್ತು ಪುಟದ ಅಧ್ಯಾಯ ಮಾಡಿದೆ. ಧಾರವಾಡದಲ್ಲಿರುವ ಗೈಡ್ ಸರ್ ಓದಿ ಚೆನ್ನಾಗಿದೆ ಎಂದರು. ನಾನು ಎರಡು ದಿನ ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಕಾಲೇಜಿನಲ್ಲಿ ಅದನ್ನು ಗಮನಿಸಿ ಆರಾಮ ಇದ್ದೀರಾ ಎಂದು ವಿಚಾರಿಸಿದರು.

ಕೊಡಬೇಕಾದ ದಿನಕ್ಕೆ ಇನ್ನೂ ಒಂಬತ್ತು ದಿನ ಇದ್ದ ಶನಿವಾರ ಮಧ್ಯಾಹ್ನ ಮಾವನವರು ನನ್ನ ಟೇಬಲ್ಲಿನ ಎದುರು ಕುಳಿತು ಶೇಂಗಾ ಸುಲಿಯುತ್ತಿದ್ದರು. ಎಂಟು ವರ್ಷ ಅವರು ನನ್ನ ಕೆಲಸದಲ್ಲಿ ಮೂಗು ತೂರಿಸಿದವರಲ್ಲ. ಅವತ್ತು ಯಾಕೋ ಕೇಳಿದರು.

"ಅಲ್ಲವ್ವಾ, ಅಷ್ಟ ದೂರದ್ದು ಹೆಂಗ ಅಳೀತೀರಿ ನೀವು?"

ನಾನೂ ಉಮೇದಿನಲ್ಲಿದ್ದೆ, ಹೇಳಿದೆ. ಎಕ್ಸ್-ರೇ ಒಂದೊಂದೇ ಕಣವಾಗಿ ಬರುತ್ತದೆ. ಚಿತ್ರದಲ್ಲಿ ಗೆಲಾಕ್ಸಿ ಇರುವ ಜಾಗಕ್ಕೆ ಗೆರೆಯ ಒಂದು ಸುತ್ತು ಹಾಕಿ ಒಳಗೆ ಬಿದ್ದ ಕಣ ಎಣಿಸುತ್ತೇವೆ. ಆದರೆ ಬಿದ್ದದ್ದೆಲ್ಲ ಗೆಲಾಕ್ಸಿಯದಲ್ಲ. ಆಕಾಶದ ಕಸ ಇರುತ್ತದೆ, ಸೂರ್ಯನಿಂದ ಹಾರಿಬಂದ ಕಣಗಳು ಯಂತ್ರಕ್ಕೆ ಬಡಿಯುತ್ತವೆ. ಅದಕ್ಕೆ ಪಕ್ಕದಲ್ಲಿ ಏನೂ ಇಲ್ಲದ ಬರಿ ಆಕಾಶದ ಮೇಲೆ ಅಷ್ಟೇ ದೊಡ್ಡ ಸುತ್ತು ಹಾಕಿ, ಅಲ್ಲಿ ಬಿದ್ದದ್ದನ್ನು ಎಣಿಸಿ, ಇದರಲ್ಲಿ ಕಳೆಯುತ್ತೇವೆ.

ಮಾವನವರು ಶೇಂಗಾ ಬಿಟ್ಟು ನೆಟ್ಟಗೆ ಕುಳಿತರು.

"ಅಂದರ ಖಾಲಿ ಗಾಡಿ ತೂಕ."

"ಹೌದ್ರಿ ಮಾವಾರ, ಅದಽ ಅನ್ರಿ."

"ಎರಡ ಸಲ ಬಂದೈತಿ ಅಂದಿ. ಖಾಲಿ ತೂಕ ಎರಡೂ ಸಲ ಹಿಡದಿ?"

"ಒಂದ ಸಲ ಹಿಡದೇನ್ರಿ. ಮೊದಲನೇ ದಿನದ್ದು. ಯಂತ್ರ ಅದಽ, ಆಕಾಶ ಅದಽ."

ಅವರು ಮೆಲ್ಲಗೆ, ತಪ್ಪು ತಿಳಿಯಬೇಡ ಎನ್ನುವ ದನಿಯಲ್ಲಿ ಹೇಳಿದರು.

"ಗಾಡಿನೂ ಅದಽ ಇರತೈತಿ ತಂಗಿ. ಆದರ ಮಳಿ ಬಿದ್ದ ದಿನ ಗಾಲಿಗೆ ಎರಿ ಮಣ್ಣ ಮೆತ್ತಿ ಬರತೈತಿ. ಅವತ್ತಿನ ಖಾಲಿ ತೂಕ ಜಾಸ್ತಿ. ಅದನ್ನಽ ಹಿಡದು ಬಿಸಲ ದಿನದ ತುಂಬಿದ ಗಾಡಿ ತೂಕದಾಗ ಕಳದರ, ಕಬ್ಬ ಕಡಿಮಿ ಕಾಣತೈತಿ. ಕಬ್ಬ ಕಡಿಮಿ ಆಗಿರಂಗಿಲ್ಲ."

"ಇದು ನಿಮ್ಮ ಕಾಟಾ ಅಲ್ರಿ ಮಾವಾರ," ಎಂದು ನಾನು ಲ್ಯಾಪ್‌ಟಾಪು ಮುಚ್ಚಿ ಅಡುಗೆಮನೆಗೆ ಹೋದೆ. ಅವತ್ತು ರೊಟ್ಟಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ಬಡಿದೆ. ಊಟಕ್ಕೆ ಕುಳಿತಾಗ ಗಂಡ, ಇವತ್ತು ರೊಟ್ಟಿ ತೆಳ್ಳಗೆ ಬಂದಿವೆ ಎಂದರು.

ಭಾನುವಾರ ಬೆಳಿಗ್ಗೆ, ಮಾವನವರ ಮಾತು ಸುಳ್ಳು ಮಾಡುವುದಕ್ಕೆಂದೇ ಕುಳಿತು, ಎರಡನೆಯ ದಿನದ ಬರಿ ಆಕಾಶಕ್ಕೆ ಒಂದು ಸುತ್ತು ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ. ಮೊದಲ ದಿನ ಸೂರ್ಯ ಕೆರಳಿದ್ದ, ಬರಿ ಆಕಾಶದಲ್ಲೂ ಕಣಗಳು ರಾಶಿ ರಾಶಿ ಬಿದ್ದಿದ್ದವು. ಎರಡನೆಯ ದಿನ ಎಲ್ಲ ಶಾಂತವಾಗಿತ್ತು. ಕೆರಳಿದ ದಿನದ ಕಸವನ್ನು ಶಾಂತ ದಿನದ ಬೆಳಕಿನಿಂದ ನಾನು ಕಳೆದಿದ್ದೆ. ಸರಿಯಾಗಿ ಕಳೆದಾಗ ಗೆಲಾಕ್ಸಿ ಎರಡೂ ದಿನ ಒಂದೇ ಸಮ ಉರಿಯುತ್ತಿತ್ತು. ಇನ್ನೂ ಮೂರು ಸಲ ಮಾಡಿ ನೋಡಿದೆ. ನಾಲ್ಕು ಸಲವೂ ಮೋಡ ಇರಲಿಲ್ಲ.

ಇಷ್ಟು ಸಣ್ಣ ತಪ್ಪನ್ನು ಎಂಟು ವರ್ಷ ಓದಿದವಳು ಹೇಗೆ ಮಾಡಿದಳು ಎಂದು ಕೇಳುವವರಿಗೆ ನಮ್ಮ ಕಾಲೇಜಿನ ಲ್ಯಾಬು ತೋರಿಸಬೇಕು. ತಂತಿಯ ದಪ್ಪ ಅಳೆಯುವ ಸ್ಕ್ರೂ ಗೇಜಿಗೆ ಶೂನ್ಯ ದೋಷ ಎಂದೊಂದು ಇರುತ್ತದೆ, ನಡುವೆ ಏನೂ ಹಿಡಿಯದಾಗಲೂ ಅದು ತೋರಿಸುವ ಅಳತೆ. ಪ್ರತಿ ಸಲ ಅಳೆಯುವ ಮೊದಲು ಅದನ್ನು ನೋಡಿಕೊಂಡು ಕಳೆಯಬೇಕು. ನಮ್ಮ ಹುಡುಗರು ಯಾರೂ ನೋಡುವುದಿಲ್ಲ. ಉಪಕರಣ ಅದೇ ಎಂದು ಹೋದ ವರ್ಷದವರ ಜರ್ನಲ್ಲಿನಿಂದ ಬರೆದುಕೊಳ್ಳುತ್ತಾರೆ, ಹೋದ ವರ್ಷದವರು ಅದರ ಹಿಂದಿನವರದು. ಇಪ್ಪತ್ತು ವರ್ಷದಿಂದ ನಾನು ಅದಕ್ಕೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕುತ್ತ ಬಂದಿದ್ದೇನೆ. ಅದೇ ಕೈ ಆಕಾಶಕ್ಕೂ ಹೋಯಿತು, ಅಷ್ಟೇ.

ನಾಲ್ಕು ದಿನ ಬಾಯಿ ಬಿಡಲಿಲ್ಲ. ಗೈಡ್ ಒಪ್ಪಿದ್ದಾರೆ. ಪರೀಕ್ಷಕರು ಪುಟ ಎಣಿಸುತ್ತಾರೆ, ಕೊನೆಯ ಆಧಾರ ಗ್ರಂಥಗಳ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಹುಡುಕುತ್ತಾರೆ. ಉಪಗ್ರಹದ ಫೈಲು ಇಳಿಸಿ ಬರಿ ಆಕಾಶಕ್ಕೆ ಸುತ್ತು ಹಾಕುವವರು ಯಾರೂ ಇಲ್ಲ. ಆ ಕಪ್ಪುಕುಳಿಯಂತೂ ತಕರಾರು ಮಾಡಲಿಕ್ಕೆ ಬರುವುದಿಲ್ಲ. ನನಗೆ ಆ ಪದವಿ ಬೇಕಾಗಿತ್ತು. ಬೇಡವಾಗಿತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ, ಬಹಳ ಬೇಕಾಗಿತ್ತು. ಹೆಸರಿನ ಹಿಂದೆ ಅದನ್ನು ಬರೆದು ನೋಡಿ, ಹಾಳೆ ಹರಿದು, ಮತ್ತೆ ಬರೆದು ನೋಡಿದ್ದೆ.

ಕೊನೆಗೆ ಗುರುವಾರ ರಜೆ ಹಾಕಿ ದೊಡವಾಡದ ಮೇಲೆ ಹೋಗುವ ಬಸ್ಸು ಹಿಡಿದು ಧಾರವಾಡಕ್ಕೆ ಹೋದೆ. ಧೈರ್ಯ ಬಂದು ಹೋದದ್ದಲ್ಲ. ಮುಂದೆ ಎಲ್ಲಿಯೋ ಒಬ್ಬರು ಇದೇ ಫೈಲು ತೆಗೆದು ಇಪ್ಪತ್ತು ನಿಮಿಷದಲ್ಲಿ ನನ್ನನ್ನು ಕಂಡುಹಿಡಿಯುತ್ತಾರೆ ಎನ್ನುವ ಹೆದರಿಕೆ ರೊಟ್ಟಿ ತಿನ್ನಲು ಬಿಡುತ್ತಿರಲಿಲ್ಲ. ಗೈಡ್ ಸರ್ ನನ್ನ ಹೊಸ ಚಿತ್ರವನ್ನೂ ಹಳೆಯ ಚಿತ್ರವನ್ನೂ ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಈ ಅಧ್ಯಾಯ ತಗದರ ಥೀಸಿಸ್‌ದಾಗ ಏನ ಉಳೀತೈತ್ರಿ?"

"ಪ್ರಸ್ತಾವನೆ ಉಳೀತೈತ್ರಿ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ನಾನೂ ನೋಡಬೇಕಾಗಿತ್ತು. ನೋಡಲಿಲ್ಲ. ನಿಮ್ಮ ತಪ್ಪಿನಾಗ ನನ್ನದೂ ಪಾಲೈತಿ." ಆಮೇಲೆ, ಉಳಿದ ದಿನಗಳಲ್ಲಿ ಇನ್ನೊಂದು ಅಧ್ಯಾಯ ಆಗುವುದಿಲ್ಲ, ಅವಧಿ ಹೋದರೆ ನೋಂದಣಿ ಹೋಗುತ್ತದೆ, ಬೇಕಾದರೆ ಮೊದಲಿನಿಂದ ಹೆಸರು ಹಚ್ಚಬೇಕಾಗುತ್ತದೆ ಎಂದರು. ನನಗೆ ಆಗ ನಲವತ್ತಾರು. ಹಚ್ಚುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಚಹಾ ಕುಡಿದು ಹೋಗಿ ಎಂದರು, ಕುಡಿದೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮಾವನವರು ಕಟ್ಟೆಯ ಮೇಲೆ ಕುಳಿತಿದ್ದರು. ಏನಾಯಿತು ಎಂದು ಕೇಳಿದರು. ಹೇಳಿದೆ. ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಬಸ್ಸಿನಲ್ಲಿ ನುಂಗಿಕೊಂಡು ಬಂದದ್ದೆಲ್ಲ ಅಲ್ಲಿ ಬಂತು.

"ಅವತ್ತ ನೀವು ಸುಮ್ಮನ ಶೇಂಗಾ ಸುಲದಿದ್ರ ನಂದು ಆಗಿಹೋಗತಿತ್ರಿ ಮಾವಾರ. ಯಾರಿಗೂ ಗೊತ್ತ ಆಗತಿರಲಿಲ್ಲ."

ಆ ಮನೆಗೆ ಬಂದು ಅಷ್ಟು ವರ್ಷದಲ್ಲಿ ನಾನು ಅವರಿಗೆ ಅಂಥ ಮಾತು ಆಡಿರಲಿಲ್ಲ. ಆಡಿದ ಕೂಡಲೇ ನಾಚಿಕೆಯಾಯಿತು. ಅವರು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ರಸ್ತೆ ನೋಡುತ್ತ, "ಗೊತ್ತ ಆಗತಿರಲಿಲ್ಲ," ಎಂದು ಒಪ್ಪಿಕೊಂಡರು. ಆಮೇಲೆ ತಮ್ಮದೇ ಒಂದು ದಿನದ ಮಾತು ತೆಗೆದರು.

"ನಾನೂ ಒಂದ ದಿನ ಹಳೇ ತೂಕ ಹಿಡದಿದ್ನಿ. ಸಾಲ ಹೆದ್ದಾರಿ ಮಟಾ ನಿಂತಿತ್ತು, ಡ್ರೈವರ್‌ಗೋಳು ಒದರಾಕ ಹತ್ತಿದ್ರು. ಎರಡ ದಿನದ ಹಿಂದ ಮಳಿಯಾಗ ಬಂದ ಗಾಡಿಗೋಳು, ರಜಿಸ್ಟರ್‌ದಾಗ ಖಾಲಿ ತೂಕ ಇತ್ತು. ಅದನ್ನಽ ಬರದು ಬಿಟ್ಟೆ. ಮಣ್ಣೆಲ್ಲಾ ಒಣಗಿ ಉದರಿತ್ತು, ಅದು ನನಗ ಸಂಜೀಕ ಹೊಳೀತು."

"ಆಮ್ಯಾಲ್ರಿ?"

"ಆಮ್ಯಾಲ ಏನೂ ಇಲ್ಲ. ಯಾರೂ ಕೇಳಲಿಲ್ಲ. ಕೇಳಿದ್ರ ಹೇಳತಿದ್ನಿ. ನಾ ತೂಗೇನಿ ಅಂದ ಮ್ಯಾಲ ಯಾರ ಕೇಳತಾರು?"

ಎಷ್ಟು ಗಾಡಿ ಎಂದು ಕೇಳಿದೆ.

"ಹನ್ನೊಂದು," ಎಂದರು. ನಾನು ಅಷ್ಟೇ ಕೇಳಿದ್ದು. ಅವರು ನಿಲ್ಲಿಸಲಿಲ್ಲ. "ದೊಡವಾಡದ್ದು ಎರಡು. ಒಂದ ಕೆಂಪ ಟ್ರ್ಯಾಕ್ಟರು, ಬಲಗಡೆ ಲೈಟ್ ಒಡದಿತ್ತು. ಮುನವಳ್ಳಿದು ಮೂರು. ಅದರಾಗ ಒಬ್ಬಾಂವ ಅವತ್ತ ತನ್ನ ಮದವಿ ಕಾರ್ಡ್ ಕೊಟ್ಟು, ಬರಾಕಽ ಬೇಕ್ರಿ ಸಾಹೇಬ್ರ ಅಂತ ಕೈ ಹಿಡದು ಹೇಳಿ ಹ್ವಾದ. ನಾ ಹೋಗಲಿಲ್ಲ." ಆ ಗಾಡಿಯ ನಂಬರ್ ಹೇಳಿದರು. ಮುಂದಿನದರದೂ ಹೇಳಿದರು.

ಅವರು ನಿವೃತ್ತರಾಗಿಯೇ ಹದಿನೈದು ವರ್ಷವಾಗಿತ್ತು. ನಾನು ಚಪ್ಪಲಿಯನ್ನೂ ಬಿಡದೆ ಅವರ ಪಕ್ಕದಲ್ಲಿ ಕುಳಿತೆ. ಹನ್ನೊಂದೂ ಗಾಡಿ ಮುಗಿಯುವ ತನಕ ಅವರು ಒಂದು ಅಂಕಿಗೂ ತಡವರಿಸಲಿಲ್ಲ.